ಕರಿ ಬಟ್ಟೆಯ ಮೇಲೆ ಬಿಳಿ ಕೂದಲು

ಮಾರ್ಚ್ 2

ಪುಟ್ಟೀ,

ನಿನ್ನ ನಾಯಿ ಚೆನ್ನಾಗಿದೆ. ಚೆನ್ನಾಗಿಲ್ಲದವಳು ನಾನು.

ಅರಳೆ ಅಂತ ಹೆಸರಿಟ್ಟವಳು ನೀನೇ ತಾನೆ. ಹೆಸರಿಗೆ ತಕ್ಕ ಹಾಗೆ ಮನೆ ತುಂಬ ಅರಳೆ ಹಾರುತ್ತಿದೆ. ಅವಳನ್ನು ನನ್ನ ಹತ್ತಿರ ಬಿಟ್ಟು ನೀನು ದೋಣಿ ಹತ್ತಿ ಮೂರು ವಾರವಾಯಿತು. ಮೊದಲ ವಾರ ಕೂದಲು ಸೋಫಾದ ಮೇಲಿತ್ತು, ಎರಡನೆಯ ವಾರ ನೀರಿನ ಲೋಟಕ್ಕೆ ಬಂತು, ಈಗ ಅಂಗಡಿಗೂ ಬಂದಿದೆ. ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋದರೆ ಬಾಗಿಲು ಕೆರೆದು ಬೀದಿಯವರನ್ನೆಲ್ಲ ಕರೆಯುತ್ತಾಳೆ. ಎರಡು ಬೀದಿ ದಾಟಿ ಅಂಗಡಿಗೆ ಕರೆದುಕೊಂಡು ಹೋದರೆ ಹೊಲಿಗೆ ಯಂತ್ರದ ಕೆಳಗೇ ಮಲಗುತ್ತಾಳೆ. ಗುಡಿಸಿದರೆ ಕೂದಲು ಏಳುತ್ತದೆ, ಸುಮ್ಮನಿದ್ದರೆ ಅಂಟುತ್ತದೆ.

ಮೊನ್ನೆ ಹಿರಿಯ ವಕೀಲರು ನಾನು ಹೊಲಿದ ಹೊಸ ಕೋಟು ಹಾಕಿಕೊಂಡು ವಾದಕ್ಕೆ ನಿಂತರಂತೆ. ಎದುರು ಪಕ್ಷದವನು, ಕಕ್ಷಿದಾರರ ಜೊತೆ ಮೇಕೆಯನ್ನೂ ಕರೆತಂದಿದ್ದೀರಾ ಅಂತ ಕೇಳಿದನಂತೆ. ಕೋರ್ಟಿಗೆ ಕೋರ್ಟೇ ನಕ್ಕಿದೆ. ಅವರು ನೇರ ಅಂಗಡಿಗೆ ಬಂದು ಕೋಟನ್ನು ಮೇಜಿನ ಮೇಲೆ ಹರಡಿ, ಒಂದೊಂದೇ ಕೂದಲು ಹೆಕ್ಕಿ ನನ್ನ ಕತ್ತರಿಯ ಪಕ್ಕ ಇಟ್ಟರು. ಬೈದಿದ್ದರೆ ವಾಸಿಯಿತ್ತು. ಹೊಸ ವಕೀಲರಿಗೆ ನಲವತ್ತು ಗೌನು ಹೊಲಿಯುವ ಕೆಲಸವನ್ನು ಅವರೇ ನನಗೆ ಕೊಡಿಸಿದ್ದು. ಮೇ ಕೊನೆಗೆ ಮುಗಿಯಬೇಕು. ಒಂದು ಗೌನಿನಲ್ಲಿ ಕೂದಲು ಕಂಡರೂ ಅಷ್ಟೂ ಎದುರಿನ ಅಂಗಡಿಗೆ ಹೋಗುತ್ತದೆ ಅಂತ ಹೇಳಿ ಹೋದರು.

ಫೋನೂ ಹತ್ತದ ದ್ವೀಪದಲ್ಲಿ, ಹವಾಮಾನ ಕೇಂದ್ರದ ವೈರ್‌ಲೆಸ್ ಮುಂದೆ ಕೂತಿದ್ದೀಯ. ಹದಿನೈದು ದಿನಕ್ಕೊಂದು ದೋಣಿ. ಹಾಗಾಗಿ ಕಾಗದದಲ್ಲೇ ಬೈಯಬೇಕಾಗಿದೆ. ಇದಕ್ಕೆ ಏನಾದರೂ ಉಪಾಯ ಬರೆ. ಇಲ್ಲವಾದರೆ ಅವಳಿಗೆ ಬೇರೆ ಜಾಗ ನೋಡು. ಆರು ತಿಂಗಳು ಅಂತ ಹೇಳಿ ಹೋಗಿದ್ದೀಯ, ನೆನಪಿರಲಿ.

ಅಕ್ಕ


ಮಾರ್ಚ್ 5

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ವಕೀಲರ ವಿಷಯಕ್ಕೆ ಬಂದಾಗ ನಗು ನಿಂತಿತು. ತಪ್ಪು ನನ್ನದು. ಹೇಳದೆ ಬಿಟ್ಟು ಬಂದೆ.

ಅವಳಿಗೆ ಎರಡು ಪದರ ಕೂದಲು. ಮೇಲಿನದು ಉದ್ದ, ಒರಟು. ಒಳಗಿನದು ನಿಜಕ್ಕೂ ಅರಳೆಯೇ. ಚಳಿ ಹೋಗಿ ಬಿಸಿಲು ಬಲಿಯುವಾಗ ಒಳಗಿನದೆಲ್ಲ ಒಟ್ಟಿಗೆ ಕಳಚುತ್ತದೆ. ಮೂರು ನಾಲ್ಕು ವಾರ ಹೀಗೇ ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ನಿಲ್ಲಿಸಲು ಆಗುವುದಿಲ್ಲ. ನೆಲಕ್ಕೆ ಬೀಳುವ ಮೊದಲು ನಾವೇ ತೆಗೆದುಬಿಡಬೇಕು, ಅಷ್ಟೇ ಉಪಾಯ. ಅವಳ ಚೀಲದಲ್ಲಿ ಅಗಲ ಹಲ್ಲಿನ ಬಾಚಣಿಗೆ ಇದೆ, ತಂತಿ ಬ್ರಷ್ ಇದೆ. ದಿನಾ ಬೆಳಿಗ್ಗೆ ಮನೆಯ ಹೊರಗೆ ಕೂರಿಸಿ ಮೊದಲು ಬಾಚಣಿಗೆ, ಆಮೇಲೆ ಬ್ರಷ್. ಕೂದಲನ್ನು ಕೈಯಿಂದ ಬಿಡಿಸಿ, ಚರ್ಮ ನೋಡಿಕೊಂಡು ಹಗುರವಾಗಿ ಎಳೆ. ಒಂದೇ ಜಾಗದಲ್ಲಿ ಉಜ್ಜಬೇಡ. ಬೇಸಿಗೆ ಅಂತ ಕತ್ತರಿಸುವುದಂತೂ ಬೇಡವೇ ಬೇಡ, ಆ ಕೂದಲೇ ಅವಳಿಗೆ ಬಿಸಿಲಿನಿಂದ ರಕ್ಷಣೆ. ಒಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿದರೆ ಸಡಿಲವಾದದ್ದೆಲ್ಲ ಬರುತ್ತದೆ.

ಅಂಗಡಿಯನ್ನು ಗುಡಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು. ರಬ್ಬರ್ ಕೈಗವಸು ಒದ್ದೆ ಮಾಡಿ ಕೋಟಿನ ಮೇಲೆ ಸವರಿದರೆ ಕೂದಲೆಲ್ಲ ಉಂಡೆಯಾಗಿ ಬರುತ್ತದೆ.

ಬೇರೆ ಜಾಗ ನೋಡು ಅಂದಿದ್ದೀಯ. ಕೋಪದಲ್ಲಿ ಬರೆದದ್ದು ಅಂದುಕೊಂಡಿದ್ದೇನೆ.

ಪುಟ್ಟಿ


ಏಪ್ರಿಲ್ 1

ಪುಟ್ಟೀ,

ನೀನು ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಮೊದಲ ದಿನ ಬಾಚಿದಾಗ ಬಂದದ್ದರಲ್ಲಿ ಇನ್ನೊಂದು ನಾಯಿ ಮಾಡಬಹುದಿತ್ತು. ಪಕ್ಕದ ಇಸ್ತ್ರಿ ಅಂಗಡಿಯವಳು ದಿಂಬಿಗೆ ತುಂಬಿಸೋಣವಾ ಅಂತ ಕೇಳಿದಳು. ಅವಳಿಗೆ ಎಲ್ಲದರಲ್ಲೂ ತಮಾಷೆ.

ಒಂದು ಸ್ನಾನಕ್ಕೆ ಅಷ್ಟು ಬರುವುದಾದರೆ ಹೆಚ್ಚು ಸ್ನಾನಕ್ಕೆ ಬೇಗ ಮುಗಿದೀತು ಅಂತ ವಾರಕ್ಕೆ ಎರಡು ಸಲ ಮಾಡಿಸುತ್ತಿದ್ದೇನೆ. ಟವೆಲಿನಲ್ಲಿ ಒರೆಸುತ್ತೇನೆ. ಬಾಚುವುದೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನನ್ನ ತೊಡೆಯ ಮೇಲೆ ತಲೆಯಿಟ್ಟು ಸುಮ್ಮನೆ ಮಲಗಿರುತ್ತಾಳೆ. ಬೆನ್ನಿನ ಎಡಗಡೆ ಬಂದಾಗ ಮಾತ್ರ ಸ್ವಲ್ಪ ಕೊಸರಾಡುತ್ತಾಳೆ. ಮುದ್ದು ಹೆಚ್ಚಾಯಿತು.

ರಸ್ತೆ ದಾಟುವಲ್ಲಿ ತಾನೇ ನಿಂತು, ವಾಹನ ಹೋದ ಮೇಲೆ ಹಗ್ಗ ಎಳೆಯುತ್ತಾಳೆ. ಯಾರು ಕಲಿಸಿದರೋ. ಹದಿನಾರು ಗೌನು ಆಗಿವೆ. ಅಂಗಡಿಯ ದೀಪ ಮಂಕಾಗಿದೆ, ಬದಲಾಯಿಸಬೇಕು. ನಿನ್ನ ಅಕ್ಷರ ಇರುವೆ ಸಾಲಿನ ಹಾಗಿರುತ್ತದೆ, ದೊಡ್ಡದಾಗಿ ಬರೆದರೆ ಕಾಗದವೇನೂ ಸವೆಯುವುದಿಲ್ಲ.

ಅಕ್ಕ


ಏಪ್ರಿಲ್ 5

ಅಕ್ಕ,

ಈ ಕಾಗದ ಕೈಗೆ ಬಂದ ತಕ್ಷಣ ಓದು. ವಾರಕ್ಕೆ ಎರಡು ಸ್ನಾನ ಬೇಡ. ತಿಂಗಳಿಗೆ ಒಂದು ಸಾಕು. ಮೇಲೆ ಒಣಗಿದಂತೆ ಕಂಡರೂ ಒಳಪದರ ಒದ್ದೆಯಾಗೇ ಇರುತ್ತದೆ. ಹಾಗೇ ಬಿಟ್ಟರೆ ಚರ್ಮ ಬೆಂದ ಹಾಗಾಗಿ ಹುಣ್ಣಾಗುತ್ತದೆ. ಬಾಚುವುದೂ ದಿನಕ್ಕೆ ಒಂದೇ ಸಲ.

ಎಡಗಡೆ ಕೊಸರಾಡುತ್ತಾಳೆ ಅಂದೆಯಲ್ಲ, ಅದು ಮುದ್ದಲ್ಲ. ಕೂದಲು ಬಿಡಿಸಿ ಬೆಳಕಿನಲ್ಲಿ ನೋಡು. ಕೆಂಪಗಿದೆಯೇ? ಬೋಳು ಮಚ್ಚೆಯಿದೆಯೇ? ವಾಸನೆ ಬರುತ್ತಿದೆಯೇ? ಮೂರಕ್ಕೂ ಉತ್ತರ ಬರೆ. ಒಂದಕ್ಕಾದರೂ ಹೌದು ಅಂತಾದರೆ ಅವತ್ತೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗು. ಸುಮ್ಮನೆ ಕೂದಲು ಉದುರುವುದು ಬೇರೆ, ಹುಣ್ಣಾಗಿ ಉದುರುವುದು ಬೇರೆ.

ನಿನ್ನ ಈ ಸಲದ ಕಾಗದದ ಸಾಲುಗಳು ಒಂದರ ಮೇಲೊಂದು ಹತ್ತಿವೆ. ಯಂತ್ರ ತುಳಿಯುತ್ತ ಬರೆದೆಯಾ? ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಗಾಳಿಗೆ ಕಿಟಕಿಗಳು ಹಲ್ಲು ಕಡಿಯುತ್ತವೆ.

ಪುಟ್ಟಿ


ಮೇ 16

ಪುಟ್ಟೀ,

ನಿನ್ನ ಕಾಗದ ಬಂತು. ಎರಡು ದೋಣಿ ತಪ್ಪಿಸಿದೆ, ಕೆಲಸ.

ಕೂದಲು ಉದುರುವುದು ಪೂರ್ತಿ ನಿಂತಿದೆ. ಹುಡುಕಿದರೂ ಒಂದು ಸಿಗುವುದಿಲ್ಲ. ನೆಲ ಕನ್ನಡಿಯ ಹಾಗಿದೆ. ಗೌನುಗಳು ಮುಗಿದವು, ಮುಂದಿನ ವಾರ ಒಯ್ಯುತ್ತಾರೆ. ನೀನು ಯಾವುದಕ್ಕೂ ಚಿಂತೆ ಮಾಡಬೇಡ.

ನಿನ್ನ ಚಳಿಗೆ ಅಂತ ಉಳಿದ ಕರಿ ಬಟ್ಟೆಯಲ್ಲಿ ಒಂದು ಕೋಟು ಹೊಲಿದು ಕಳಿಸಿದ್ದೇನೆ. ಹಾಕಿಕೊಂಡು ನೋಡು.

ಅಕ್ಕ


ಮೇ 20

ಅಕ್ಕ,

ಕೋಟು ಬಂತು. ಕಟ್ಟು ಬಿಚ್ಚುವಾಗ ಕೇಂದ್ರದವರೆಲ್ಲ ಸುತ್ತ ನಿಂತಿದ್ದರು, ನನ್ನ ಅಕ್ಕ ಎಂಥ ಹೊಲಿಗೆಯವಳು ಅಂತ ತಿಂಗಳಿಂದ ಹೇಳಿಕೊಂಡು ಬಂದಿದ್ದೆ. ಕೋಟಿನ ತುಂಬ ಬಿಳಿ ಕೂದಲು. ಕಾಲರಿನ ಹೊಲಿಗೆಯೊಳಗೂ ಕೂದಲು ಸೇರಿಸಿ ಹೊಲಿದಿದ್ದೀಯ. ಎಡತೋಳು ಬಲಗಡೆಯದಕ್ಕಿಂತ ಎರಡು ಬೆರಳು ಗಿಡ್ಡ. ನಿನ್ನ ಕೈಯಿಂದ ಅಂಥದು ತಪ್ಪಿ ಬರುವುದಿಲ್ಲ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಗುಂಡಿಯ ಕಾಜಾ ಅರೆನೂಲು ಆಚೀಚೆಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು ನೀನು.

ಒಂದೂ ಕೂದಲಿಲ್ಲ ಅಂತ ಬರೆದು, ಜೊತೆಗೆ ಇದನ್ನು ಕಳಿಸಿದ್ದರ ಅರ್ಥ ನನಗೆ ಆಗದೆ ಇರುತ್ತದೆಯೇ? ನಿನ್ನ ಚುಚ್ಚುಮಾತು ಚಿಕ್ಕಂದಿನಿಂದ ಗೊತ್ತು, ಬಟ್ಟೆಯಲ್ಲಿ ಚುಚ್ಚುವುದು ಇದೇ ಮೊದಲು. ನಾನು ಕೇಳಿದ ಮೂರು ಪ್ರಶ್ನೆಗೆ ಒಂದಕ್ಕೂ ಉತ್ತರವಿಲ್ಲ. ಆ ಜೀವದ ಮೇಲೆ ನಿನಗೆ ಅಷ್ಟೂ ಲಕ್ಷ್ಯವಿಲ್ಲ.

ಸರಿ. ಅರಳೆ ಮರಿಯಾಗಿದ್ದಾಗ ನನಗೆ ಕೊಟ್ಟ ನಾಯಿಮನೆಯವರಿಗೆ ಇದೇ ದೋಣಿಯಲ್ಲಿ ಬರೆದಿದ್ದೇನೆ. ವಾರದೊಳಗೆ ಬಂದು ಕರೆದುಕೊಂಡು ಹೋಗುತ್ತಾರೆ. ಅವಳ ಚೀಲ ಕಟ್ಟಿಡು.

ಭಾವ ಮನೆ ಬಿಟ್ಟು ಹೋದಾಗ ನಾನು ನಿನ್ನ ಪರ ನಿಂತೆ, ಅವರ ಮುಖ ನೋಡುವುದನ್ನೂ ಬಿಟ್ಟೆ. ಈಗ ಅನ್ನಿಸುತ್ತಿದೆ, ಅವರದೇನು ತಪ್ಪಿತ್ತು? ಗುರುತು ಬಿಡುವ ಯಾವ ಜೀವವೂ ನಿನ್ನ ಮನೆಯಲ್ಲಿ ಇರಲು ಸಾಧ್ಯವಿಲ್ಲ.

ಪುಟ್ಟಿ


ಜೂನ್ 1

ಪುಟ್ಟೀ,

ಇದನ್ನು ಇಸ್ತ್ರಿ ಅಂಗಡಿಯವಳು ಬರೆಯುತ್ತಿದ್ದಾಳೆ, ಹೇಳುತ್ತಿರುವುದು ನಾನು. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ನನಗೆ ಕಣ್ಣು ಕಾಣುತ್ತಿಲ್ಲ. ಎರಡರಲ್ಲೂ ಪೊರೆ. ಹೋದ ವರ್ಷ ಶುರುವಾಯಿತು. ಮಾರ್ಚಿನಲ್ಲಿ ಬಿಸಿಲಿಗೆ ಹಿಡಿದು ಹೇಗೋ ಓದುತ್ತಿದ್ದೆ. ಏಪ್ರಿಲಿನ ಕಾಗದವನ್ನು ಬಿಡಿಸಿದರೆ ಬರೀ ಮಂಜು. ಅದು ಡ್ರಾಯರಿನಲ್ಲೇ ಇತ್ತು. ನಿನ್ನ ಮೂರು ಪ್ರಶ್ನೆಯನ್ನು ನಾನು ಕೇಳಿದ್ದು ನಿನ್ನೆ, ಇವಳು ಓದಿದಾಗ. ಹೊಲಿಗೆಯವಳಿಗೆ ಕಣ್ಣಿಲ್ಲ ಅಂತ ಬೀದಿಗೆ ಗೊತ್ತಾದರೆ ಬಟ್ಟೆ ಯಾರು ಕೊಡುತ್ತಾರೆ? ಅದಕ್ಕೇ ಯಾರ ಹತ್ತಿರವೂ ಓದಿಸಲಿಲ್ಲ. ಬೆರಳಿನಲ್ಲೇ ಹೊಲಿದೆ. ಕೂದಲು ನಿಂತಿದೆ ಅಂತ ಬರೆದದ್ದು ಸುಳ್ಳಲ್ಲ ಪುಟ್ಟೀ, ನನಗೆ ನಿಜಕ್ಕೂ ಒಂದೂ ಕಾಣಿಸಲಿಲ್ಲ. ನಿನ್ನ ಕೋಟು ನಾನು ಇಷ್ಟಪಟ್ಟು ಹೊಲಿದದ್ದು.

ಮೇ ಇಪ್ಪತ್ತೆಂಟಕ್ಕೆ ನಾಯಿಮನೆಯವರು ವ್ಯಾನು ತಂದರು. ನಿನ್ನ ಕಾಗದವೂ ಬಿಚ್ಚದೆ ಹಾಗೇ ಇತ್ತು, ಯಾಕೆ ಬಂದರು ಅಂತಲೇ ನನಗೆ ಗೊತ್ತಿಲ್ಲ. ಕೊಡಲ್ಲ ಅಂತ ಹಗ್ಗ ಹಿಡಿದು ನಿಂತೆ. ನಿಮ್ಮ ತಂಗಿಯೇ ಬರೆದಿದ್ದಾರಲ್ಲ ಅಂದರು. ಆಗ ಕಾಗದ ಅವರ ಕೈಗೆ ಕೊಟ್ಟೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದರು. ಕೋಟು, ತೋಳು, ಚುಚ್ಚುಮಾತು, ಚೀಲ ಕಟ್ಟಿಡು, ಎಲ್ಲ ಕೇಳಿಸಿಕೊಂಡೆ. ಊರಿನ ಮುಂದೆ ಬೆತ್ತಲೆ ನಿಂತ ಹಾಗಾಯಿತು. ಹೇಳದೆ ಬೇರೆ ದಾರಿ ಇರಲಿಲ್ಲ, ಹೇಳಿದೆ. "ಇವಳು ಇಲ್ದಿದ್ರೆ ನಾನು ಈ ರಸ್ತೆ ದಾಟಲ್ಲ."

ಅವರು ಅರಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅರಳೆಯ ಬೆನ್ನಿನ ಕೂದಲು ಬಿಡಿಸುವ ಸದ್ದು ಕೇಳುತ್ತಿತ್ತು. ಆಮೇಲೆ ನನ್ನ ಕೈ ಹಿಡಿದು ಎಡಗಡೆಗೆ ಮುಟ್ಟಿಸಿದರು. ಒದ್ದೆಯಾಗಿತ್ತು. ಅಂಗೈ ಅಗಲ ಕೂದಲೇ ಇಲ್ಲ. ಕಾಣದೆ ನಾನು ದಿನಾ ಎರಡು ಸಲ ಅದೇ ಜಾಗವನ್ನೇ ತಂತಿಯಿಂದ ಉಜ್ಜುತ್ತಿದ್ದೆನಂತೆ. ಅದರ ಮೇಲೆ ಆರದ ನೀರು. ಕೀವಾಗಿದೆ. ವಾಸನೆ ನನಗೂ ಬಂದಿತ್ತು, ಅದು ಹೋಗಲಿ ಅಂತಲೇ ಇನ್ನೊಂದು ಸ್ನಾನ ಮಾಡಿಸುತ್ತಿದ್ದೆ. ಆದರೂ ಅವಳು ನನ್ನ ತೊಡೆಯ ಮೇಲೆ ತಲೆ ಇಡುವುದನ್ನು ಬಿಡಲಿಲ್ಲ.

ಹಗ್ಗ ನಾನೇ ಅವರ ಕೈಗೆ ಕೊಟ್ಟೆ.

ಗೌನುಗಳಲ್ಲಿ ಇಪ್ಪತ್ತೆರಡು ವಾಪಸು ಬಂದಿವೆ. ಅದರ ಮಾತು ಈಗ ಬೇಡ.

ಅಕ್ಕ


ಜೂನ್ 5

ಅಕ್ಕ,

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಯಾರು ಓದಿದರೂ ಸರಿ. ನಾಲ್ಕು ಹಾಳೆ ಹರಿದು ಹಾಕಿದೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಕಂಡೂ ಯೋಚಿಸಲಿಲ್ಲ. ಕಾಣದೆ ಹೋದವಳು ನೀನೊಬ್ಬಳೇ ಅಲ್ಲ.

ಆ ಕೊನೆಯ ಮಾತಿಗೆ ನನ್ನನ್ನು ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಆರು ತಿಂಗಳು ಅಂದದ್ದು ಸುಳ್ಳು. ಎರಡು ವರ್ಷಕ್ಕೆ ಸಹಿ ಮಾಡಿ ಬಂದಿದ್ದೆ. ಹೇಳಿದ್ದರೆ ನೀನು ನಾಯಿಯನ್ನು ಇಟ್ಟುಕೊಳ್ಳುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ.

ಪೊರೆ ತೆಗೆಯುವುದು ಈಗ ಸಣ್ಣ ಕೆಲಸ. ಕಾಯಬೇಡ, ಆಸ್ಪತ್ರೆಗೆ ಹೋಗು. ಇಲ್ಲಿ ವೈರ್‌ಲೆಸ್ಸಿಗೆ ನಾನೊಬ್ಬಳೇ, ಹಿರಿಯ ಅಧಿಕಾರಿ ರಜೆ ಕೊಡುವವರಲ್ಲ. ಆದರೂ ನೀನು ಬಾ ಅಂದರೆ ಹೇಗಾದರೂ ಬರುತ್ತೇನೆ. ಇಷ್ಟು ವರ್ಷದಲ್ಲಿ ನೀನು ಯಾವತ್ತೂ ನನ್ನನ್ನು ಬಾ ಅಂದಿಲ್ಲ, ಅಕ್ಕ.

ಪುಟ್ಟಿ


ಜುಲೈ 2

ಪುಟ್ಟೀ,

ಇಸ್ತ್ರಿಯವಳು ನಿನ್ನ ಕಾಗದ ಓದಿದಳು, ಇದನ್ನೂ ಇವಳೇ ಬರೆಯುತ್ತಿದ್ದಾಳೆ. ಕೊನೆಯ ಮಾತು ಅಂತ ಬರೆದಿದ್ದೀಯ, ಚೀಲ ಕಟ್ಟಿಡು ಅಂದದ್ದು ತಾನೆ? ಅದನ್ನು ನಾನು ಅವತ್ತೇ ಬಿಟ್ಟೆ. ಎರಡು ವರ್ಷದ ವಿಷಯಕ್ಕೆ ಮಾತ್ರ ಕೋಪ ಬಂದಿದೆ, ಅದನ್ನು ಮುಖಾಮುಖಿ ತೀರಿಸಿಕೊಳ್ಳುತ್ತೇನೆ.

ಜೂನ್ ಇಪ್ಪತ್ತಾರಕ್ಕೆ ಆಸ್ಪತ್ರೆಗೆ ಹೋಗಿದ್ದೆವು. ಹಸಿರು ಗೌನು ತೊಡಿಸಿದರು, ಭುಜದ ಹೊಲಿಗೆ ಬಿಟ್ಟಿತ್ತು. ಕಣ್ಣಿಗೆ ಔಷಧಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ನನ್ನ ಮುಂದಿನವಳನ್ನು ಒಳಗೆ ಕರೆದರು. ಆಗ ನಾನು ಎದ್ದು, ಗೋಡೆ ಹಿಡಿದುಕೊಂಡು, ಆ ಗೌನಿನಲ್ಲೇ ಹೊರಗೆ ಬಂದುಬಿಟ್ಟೆ. ಇವಳು ಗೇಟಿನ ಹತ್ತಿರ ಹಿಡಿದಳು. ಯಾಕೆ ಅಂತ ಈಗ ಹೇಳುತ್ತೇನೆ. ಅಮ್ಮನಿಗೆ ಕಣ್ಣಿನ ಆಪರೇಶನ್ ಆದಾಗ ನಿನಗೆ ಐದು ವರ್ಷ. ನಿನಗೆ ನೆನಪಿರುವುದು ಕಣ್ಣು ಕಾಣದ ಅಮ್ಮ ಮಾತ್ರ. ನನಗೆ ಅದರ ಹಿಂದಿನ ದಿನವೂ ನೆನಪಿದೆ. ಅವತ್ತು ಅವಳಿಗೆ ಸ್ವಲ್ಪವಾದರೂ ಕಾಣುತ್ತಿತ್ತು. ನನ್ನ ಜಡೆ ಹಾಕಿ, ಆಪರೇಶನ್ ಮಾಡಿಸಿಕೊಳ್ಳಲಾ ಬೇಡವಾ ಅಂತ ನನ್ನನ್ನು ಕೇಳಿದಳು. ಹದಿನೇಳು ವರ್ಷದವಳು ನಾನು, ಮಾಡಿಸಿಕೋ ಅಂದೆ.

ಅರಳೆಯ ಗಾಯ ಒಣಗುತ್ತಿದೆಯಂತೆ. ನಾಯಿಮನೆಯವರು ಬಂದು ಹೇಳಿ ಹೋದರು. ಇನ್ನೂ ಎರಡು ತಿಂಗಳು ದಿನಾ ಚರ್ಮ ನೋಡಿ ಮುಲಾಮು ಹಚ್ಚಬೇಕು. "ನೋಡೋಕಾಗೋವ್ರ ಕೈಗೇ ನಾನು ಕೊಡೋದು," ಅಂದರು. ಮೆತ್ತಗೇ ಹೇಳಿದರು, ಆದರೆ ಬಿಟ್ಟುಕೊಡುವ ಜನ ಅಲ್ಲ.

ಈಗ ಅಂಗಡಿಗೆ ಇವಳ ತೋಳು ಹಿಡಿದು ಹೋಗಿ ಬರುತ್ತೇನೆ. ಯಂತ್ರದ ಕೆಳಗೆ ಕಾಲು ಚಾಚಿದರೆ ಖಾಲಿ.

ಜುಲೈ ಹತ್ತಕ್ಕೆ ಮತ್ತೆ ದಿನ ಕೊಟ್ಟಿದ್ದಾರೆ. ಒಬ್ಬಳೇ ಆ ಬೆಂಚಿನ ಮೇಲೆ ಕೂರಲು ನನ್ನ ಕೈಯಲ್ಲಿ ಆಗುವುದಿಲ್ಲ.

ಬಾ.

ಅಕ್ಕ


ಆಗಸ್ಟ್ 17

ಪುಟ್ಟೀ,

ನೀನು ಹೊರಟ ದಿನ ಬಂದರಿನಲ್ಲಿ ದೋಣಿ ತಿರುವು ದಾಟುವ ತನಕ ನಿನ್ನ ನೀಲಿ ಚೀಲ ಕಾಣುತ್ತಿತ್ತು. ಬಲಗಣ್ಣು ಅಷ್ಟು ಚೆನ್ನಾಗಿದೆ. ಎಡಗಣ್ಣಿಗೆ ನವೆಂಬರ್.

ಜುಲೈ ಹತ್ತಕ್ಕೆ ಆ ಬೆಂಚಿನ ಮೇಲೆ ನೀನು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ, ಒಳಗೆ ಹೋದ ಮೇಲೂ ಕಣ್ಣಿಗಿಂತ ಬೆರಳೇ ನೋಯುತ್ತಿತ್ತು. ಹೇಳಿರಲಿಲ್ಲ.

ಹೋದ ಗುರುವಾರ ನಾಯಿಮನೆಯವರು ಬಂದು ನನ್ನ ಕಣ್ಣಿನ ಮುಂದೆ ಒಂದು ಕೂದಲು ಹಿಡಿದು ಇದೇನು ಅಂತ ಕೇಳಿದರು. ಬಿಳಿಯದು, ತುದಿಯಲ್ಲಿ ಸ್ವಲ್ಪ ಬೂದು ಅಂದೆ. ವ್ಯಾನಿನ ಬಾಗಿಲು ತೆಗೆದರು. ಅರಳೆ ಮೊದಲು ನನ್ನ ಕೈ ಮೂಸಿದಳು. ಬ್ರಷ್ ಇದೆಯಾ ಅಂತ ನೋಡಿದಳು ಅನ್ನಿಸಿತು. ಇರಲಿಲ್ಲ. ಆಮೇಲೆ ಒಳಗೆ ಹೋಗಿ ಯಂತ್ರದ ಕೆಳಗೆ ಮಲಗಿದಳು. ಎಡಗಡೆ ವೆಲ್ವೆಟ್ಟಿನ ಹಾಗೆ ಹೊಸ ಕೂದಲು ಬರುತ್ತಿದೆ. ಸುತ್ತ ಬಾಚಣಿಗೆಯಿಂದ ಮಾತ್ರ ಬಾಚುತ್ತೇನೆ, ಬಿಡಿಸಿ, ನೋಡಿ, ಒಂದೊಂದೇ ಎಳೆ. ಹಿರಿಯ ವಕೀಲರು ಗೌನು ಎದುರಿನ ಅಂಗಡಿಗೇ ಕೊಟ್ಟರು. ಕೊಡಲಿ. ಅಂಗಡಿಯಲ್ಲಿ ಈಗ ಕರಿ ಬಟ್ಟೆ ಇಟ್ಟುಕೊಂಡಿಲ್ಲ, ಪರದೆ ಮತ್ತು ದಿಂಬಿನ ಚೀಲ ಹೊಲಿಯುತ್ತಿದ್ದೇನೆ.

ಶನಿವಾರ ಡ್ರಾಯರ್ ತೆಗೆದು ನಿನ್ನ ಕಾಗದಗಳನ್ನೆಲ್ಲ ನಾನೇ ಓದಿದೆ. ಮೇ ತಿಂಗಳದ್ದನ್ನೂ ಓದಿದೆ. ಭಾವನ ಬಗ್ಗೆ ಬರೆದದ್ದನ್ನು ಅವತ್ತು ಮೆಟ್ಟಿಲ ಮೇಲೆ ನಾಯಿಮನೆಯವರು ಓದಿಯೇ ಇರಲಿಲ್ಲ. ಯಾಕೆ ಅಂತ ಹೋಗಿ ಕೇಳಿದೆ. "ನಾಯಿ ತೊಗೊಂಡು ಹೋಗೋಕೆ ಬಂದಿದ್ದೆ. ಅದಕ್ಕೆ ಬೇಕಾದಷ್ಟು ಓದಿದೆ," ಅಂದರು. ಇಸ್ತ್ರಿಯವಳಿಗೆ ಆ ಕಾಗದವನ್ನು ನಾನು ಕೊಟ್ಟಿರಲಿಲ್ಲ. ಒಂದು ತಿಂಗಳು ನೀನು ಇಲ್ಲೇ ಇದ್ದೆ, ನನ್ನ ಕಣ್ಣಿಗೆ ದಿನಾ ನಾಲ್ಕು ಸಲ ಔಷಧಿ ಹಾಕಿದೆ, ಆ ಮಾತನ್ನು ನಾನು ನುಂಗಿಕೊಂಡಿದ್ದೇನೆ ಅಂದುಕೊಂಡೇ ಹಾಕಿದೆ. ಹೇಗೆ ತಡೆದುಕೊಂಡೆಯೋ.

ಎರಡು ದಿನ ಪೆನ್ನು ಮುಟ್ಟಲಿಲ್ಲ. ನೋವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಿನಗೆ ಗೊತ್ತಿಲ್ಲದ್ದನ್ನು ನಾನು ಹೇಳಬೇಕು. ನಿನ್ನ ಭಾವ ಹೋದದ್ದು ನನ್ನ ಒರೆಸುವ ಬಟ್ಟೆಗೆ ಹೆದರಿ ಅಲ್ಲ. ಅವನಿಗೆ ಇನ್ನೊಂದು ಮನೆಯಿತ್ತು, ಅಲ್ಲಿ ಎಂಟು ವರ್ಷದ ಮಗಳಿದ್ದಳು. ನಾನು ಆ ಮಗುವನ್ನು ಒಮ್ಮೆ ನೋಡಿದ್ದೇನೆ. ಅವನು ನಿನಗೆ ಸೈಕಲ್ ಕಲಿಸಿದವನು, ನಿನ್ನ ಕಾಲೇಜಿನ ಫಾರಂ ತುಂಬಿಸಿದವನು. ನಿನ್ನ ಮನಸ್ಸಿನಲ್ಲಿ ಅವನು ಒಳ್ಳೆಯವನಾಗೇ ಇರಲಿ, ಕೆಟ್ಟವಳು ನಾನಾದರೆ ಏನಾಯಿತು ಅಂದುಕೊಂಡೆ. ಅದನ್ನೂ ಕಣ್ಣಿನ ಹಾಗೇ ಮುಚ್ಚಿಟ್ಟೆ. ಹಾಗೆ ಮುಚ್ಚಿಟ್ಟದ್ದು ಯಾರಿಗೂ ಒಳ್ಳೆಯದು ಮಾಡಲಿಲ್ಲ.

ಇದಕ್ಕೆ ನೀನು ಏನಾದರೂ ಬರೆ, ಕೋಪವಿದ್ದರೆ ಕೋಪವನ್ನೇ ಬರೆ. ಇನ್ನು ಯಾರೂ ನಡುವೆ ಸಾಲು ಬಿಟ್ಟು ಓದುವುದಿಲ್ಲ. ನಿನ್ನ ಉತ್ತರವನ್ನು ನಾನೇ ಓದುತ್ತೇನೆ.

ಅಕ್ಕ